ಕೇಳಿದ್ದಕ್ಕೆ ಹೇಳಿದ್ದು: ಉಪಗ್ರಹ ಕೊಳ್ಳುವವರ ಕಷ್ಟ

ಹೋದ ಸಂಚಿಕೆಯಲ್ಲಿ ನೆಲದ ಚಿತ್ರ ತೆಗೆಯುವ ಉಪಗ್ರಹಗಳ ಬಗ್ಗೆ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅಷ್ಟಕ್ಕೇ ಕಾಸರಗೋಡಿನ ಕಡೆಯಿಂದ ಇಷ್ಟೊಂದು ಪತ್ರ ಬಂದೀತೆಂದು ಸಂಪಾದಕರೂ ಎಣಿಸಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: ಬೆಂಗಳೂರಿನಲ್ಲಿ ಉಪಗ್ರಹದ ಬಿಡಿಭಾಗಗಳ ಖರೀದಿ ಕಡತಗಳ ನಡುವೆ ನೌಕರಿ ಮುಗಿಸಿ, ಈಗ ನೀರ್ಚಾಲು ಕಡೆ ಕಂಗಿನ (ಅಡಿಕೆ) ತೋಟ ನೋಡಿಕೊಂಡಿರುವವನು. ವಿಜ್ಞಾನಿ ಅಲ್ಲ. ವಿಜ್ಞಾನಿಗಳು ಬೇಕೆಂದು ಬರೆದು ಕಳಿಸಿದ್ದನ್ನು ಓದಿ, “ಇದು ನಿಜಕ್ಕೂ ಬೇಕಾ?” ಎಂದು ಕೇಳಿ ಬೈಸಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಅಮೆರಿಕದವರು 1972ರಿಂದ ಒಂದರ ಹಿಂದೆ ಒಂದು ಲ್ಯಾಂಡ್‌ಸ್ಯಾಟ್ ಕಳಿಸುತ್ತಿದ್ದಾರೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯ ಚಿತ್ರ ತೆಗೆಯುತ್ತವೆ ಎಂದು ಬರೆದಿದ್ದೀರಿ. ಅದೇ ಹಳತನ್ನು ಪುನಃ ಪುನಃ ದುಡ್ಡು ಕೊಟ್ಟು ಕೊಳ್ಳುವುದು ಯಾಕೆ?
— ಅಡಿಕೆ ಕೃಷಿಕರು, ಪೆರ್ಲ

ಪೆರ್ಲದ ಒಂದು ಗುಡ್ಡೆಯ ಇವತ್ತಿನ ಚಿತ್ರ ಮಾತ್ರ ಕೈಯಲ್ಲಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದೇ ಗುಡ್ಡೆಯ ಮೂವತ್ತು ವರ್ಷ ಹಿಂದಿನ ಚಿತ್ರದ ಪಕ್ಕ ಇಟ್ಟರೆ ಕಾಡು ಎಲ್ಲಿ ಹೋಯಿತು, ರಬ್ಬರ್ ಎಲ್ಲಿ ಬಂತು, ಕೆಂಪುಕಲ್ಲಿನ ಕೋರೆ ಯಾವ ಕಡೆಗೆ ಅಗಲವಾಯಿತು ಎಂದು ಹೇಳಬಹುದು. ಆದರೆ ಹಾಗೆ ಹೇಳಬೇಕಾದರೆ ಎರಡು ಕ್ಯಾಮೆರಾಗಳೂ ಒಂದೇ ಅಳತೆಯಲ್ಲಿ, ಅದೇ ಬಣ್ಣದ ಪಟ್ಟಿಗಳಲ್ಲಿ (ಪಟ್ಟಿ ಎಂದರೆ ಬೆಳಕಿನ ಒಂದೊಂದು ಪಾಲು), ದಿನದ ಅದೇ ಹೊತ್ತಿಗೆ ನೋಡಿರಬೇಕು. ಇಲ್ಲದಿದ್ದರೆ ವ್ಯತ್ಯಾಸ ನೆಲದಲ್ಲಿ ಆದದ್ದೋ ಕ್ಯಾಮೆರಾದಲ್ಲಿ ಆದದ್ದೋ ಎಂದು ಜಗಳಾಡುತ್ತಾ ಕೂರಬೇಕು. ಲ್ಯಾಂಡ್‌ಸ್ಯಾಟ್‌ನವರು ಹೊಸ ಉಪಗ್ರಹ ಯೋಜಿಸುವಾಗ ಮೊದಲು ನೋಡುವುದು ಅದು ಹಳೆಯ ಚಿತ್ರಗಳ ಕಡತದ ಜತೆ ಕೂಡುತ್ತದೆಯೇ ಎಂದು.

ಆ ಕಡತ ಕಡಿದುಹೋಗುವ ಹಂತಕ್ಕೆ ಬಂದದ್ದೂ ಉಂಟು. 1993ರಲ್ಲಿ ಲ್ಯಾಂಡ್‌ಸ್ಯಾಟ್ 6 ಕಕ್ಷೆಗೇ ತಲುಪಲಿಲ್ಲ. ಅದಕ್ಕೂ ಮೊದಲು, 1984ರಲ್ಲಿ ಹೋದ ಲ್ಯಾಂಡ್‌ಸ್ಯಾಟ್ 5 ಮೂರು ವರ್ಷ ಬಾಳಿದರೆ ಸಾಕೆಂದು ಮಾಡಿದ್ದು. ಪುಣ್ಯಕ್ಕೆ 2013ರವರೆಗೂ ಎಳೆಯಿತು. 1999ರ ಲ್ಯಾಂಡ್‌ಸ್ಯಾಟ್ 7ಕ್ಕೆ ನಾಲ್ಕೇ ವರ್ಷಕ್ಕೆ ಕುತ್ತು ಬಂತು. ಹಿಡಿಸೂಡಿಯಲ್ಲಿ ಅಂಗಳ ಗುಡಿಸುವವರು ಕೈಯನ್ನು ಆಚೀಚೆ ಬೀಸುತ್ತಾ ಮುಂದೆ ನಡೆಯುತ್ತಾರಲ್ಲ, ಅದರ ಕನ್ನಡಿಯೂ ಹಾಗೆಯೇ ಓಲಾಡುತ್ತಾ ನೆಲ ನೋಡುತ್ತಿತ್ತು. ಉಪಗ್ರಹ ಮುಂದಕ್ಕೆ ಓಡುತ್ತಿರುವುದರಿಂದ ಗೆರೆಗಳು ಓರೆಯಾಗಿ ಬೀಳುತ್ತವೆ. ಆ ಓರೆಯನ್ನು ನೇರ ಮಾಡುವ ಪುಟ್ಟ ಕನ್ನಡಿಜೋಡಿ 2003ರ ಮೇ 31ರಂದು ಕೆಟ್ಟಿತು. ಅಲ್ಲಿಂದ ಮುಂದೆ ಪ್ರತಿ ಚಿತ್ರದಲ್ಲೂ ಸುಮಾರು ಶೇಕಡಾ 22ರಷ್ಟು ಜಾಗ ಖಾಲಿ ಪಟ್ಟೆ. ಆಕಾಶದಲ್ಲಿ ಇದ್ದದ್ದು ಮುದುಕ ಒಬ್ಬ, ಕುಂಟ ಒಬ್ಬ. ಮುಂದಿನ ಉಪಗ್ರಹ ಕಾಗದದಲ್ಲಿ ಕೂಡ ಗಟ್ಟಿಯಾಗಿರಲಿಲ್ಲ.

ಆಗ ನಡೆದ ಒಂದು ಸಂಗತಿಯನ್ನು ನಮ್ಮವರು ಹೆಚ್ಚಾಗಿ ಹೇಳುವುದಿಲ್ಲ. ಲ್ಯಾಂಡ್‌ಸ್ಯಾಟ್ ನಿಂತರೆ ಮಧ್ಯದ ತೆರವನ್ನು ಯಾವುದರಿಂದ ತುಂಬಬಹುದು ಎಂದು ಅಮೆರಿಕದವರು ಪ್ರಪಂಚದ ಉಪಗ್ರಹಗಳನ್ನೆಲ್ಲ ತೂಗಿ ನೋಡಿದರು. ಆ ಪಟ್ಟಿಯಲ್ಲಿ ಮುಂದೆ ಬಂದ ಹೆಸರುಗಳಲ್ಲಿ ಒಂದು ನಮ್ಮ ರಿಸೋರ್ಸ್‌ಸ್ಯಾಟ್-1. ಇನ್ನೊಂದು ಚೀನಾ ಮತ್ತು ಬ್ರೆಜಿಲ್ ಸೇರಿ ಮಾಡಿದ ಸಿಬರ್ಸ್. ರಿಸೋರ್ಸ್‌ಸ್ಯಾಟ್-1 ಶ್ರೀಹರಿಕೋಟೆಯಿಂದ ಹೋದದ್ದು 2003ರ ಅಕ್ಟೋಬರ್ 17ರಂದು. ಅದರ ಲಿಸ್-3 ಕ್ಯಾಮೆರಾದ ಅಳತೆ 23.5 ಮೀಟರ್ (ಚಿತ್ರದ ಒಂದು ಚುಕ್ಕಿ ಎಂದರೆ ನೆಲದಲ್ಲಿ ಅಷ್ಟು ಚೌಕ), ಲ್ಯಾಂಡ್‌ಸ್ಯಾಟ್‌ನ 30 ಮೀಟರಿಗಿಂತ ಸೂಕ್ಷ್ಮ. ಆದರೆ ನೀಲಿ ಪಟ್ಟಿ ಇರಲಿಲ್ಲ, ಶಾಖ ಅಳೆಯುವ ಪಟ್ಟಿಯೂ ಇರಲಿಲ್ಲ. ಹಾಗಾಗಿ ಪೂರ್ತಿ ಬದಲಿಯಾಗಿ ಅದು ನಿಲ್ಲುತ್ತಿರಲಿಲ್ಲ. ಆದರೂ ಅದರಲ್ಲಿದ್ದ ಇನ್ನೊಂದು ಕ್ಯಾಮೆರಾದ, 56 ಮೀಟರ್ ಅಳತೆಯ ಅಗಲ ಚಿತ್ರಗಳನ್ನು ಅಮೆರಿಕದ ಕೃಷಿ ಇಲಾಖೆ ಕೆಲವು ವರ್ಷ ತನ್ನ ಬೆಳೆನಕ್ಷೆಗೆ ಬಳಸಿತು.

ಕೊನೆಗೆ 2011ರ ನವೆಂಬರಿನಲ್ಲಿ ಲ್ಯಾಂಡ್‌ಸ್ಯಾಟ್ 5ರ ಮುಖ್ಯ ಕ್ಯಾಮೆರಾ ನಿಂತಿತು. ಲ್ಯಾಂಡ್‌ಸ್ಯಾಟ್ 8 ಹಾರಿದ್ದು 2013ರ ಫೆಬ್ರವರಿ 11ಕ್ಕೆ. ನಡುವಿನ ಕಾಲಕ್ಕೆ ಪಟ್ಟೆ ಬಿದ್ದ ಚಿತ್ರಗಳೇ ಗತಿ. ಹತ್ತು ವರ್ಷ ಮೊದಲೇ ಕೊಳ್ಳಲು ಹೊರಟ ಉಪಗ್ರಹ ಇಷ್ಟು ತಡವಾದದ್ದು ತಂತ್ರಜ್ಞಾನ ಸಾಲದೆ ಅಲ್ಲ, ಹೇಗೆ ಕೊಳ್ಳುವುದೆಂದು ತೀರ್ಮಾನ ಆಗದೆ. ಆ ಕತೆ ಬದಿಯಡ್ಕದ ಪ್ರಶ್ನೆಗೆ ಇಟ್ಟಿದ್ದೇನೆ.

ಉಪಗ್ರಹದಲ್ಲಿ ಏನೇನು ಇರಬೇಕೆಂದು ನಿರ್ಧರಿಸುವವರು ಯಾರು? ಪಂಚಾಯತಿನ ರಸ್ತೆಗೆ ಕರೆಯುವ ಹಾಗೆ ಟೆಂಡರ್ ಕರೆಯುತ್ತಾರಾ?
— ಹೈಸ್ಕೂಲು ಅಧ್ಯಾಪಕರು, ಮಂಜೇಶ್ವರ

ಕರೆಯುತ್ತಾರೆ ಮಾಸ್ಟ್ರೆ. ಆದರೆ ಟೆಂಡರಿಗಿಂತ ಮೊದಲಿನ ಭಾಗವೇ ಉದ್ದ, ಅದೇ ಕಷ್ಟದ್ದು.

ಮೊದಲು ಬಳಸುವವರನ್ನು ಕೇಳುತ್ತಾರೆ. ಅರಣ್ಯದವರು, ನೀರಾವರಿಯವರು, ಬೆಳೆ ಅಂದಾಜು ಮಾಡುವವರು, ಕಡಲತೀರ ನೋಡುವವರು, ಎಲ್ಲರೂ ತಮಗೆ ಬೇಕಾದ್ದನ್ನು ಬರೆದು ಕೊಡುತ್ತಾರೆ. ಎಲ್ಲರಿಗೂ ಎಲ್ಲವೂ ಬೇಕು: ಒಂದು ಮೀಟರಿನ ಸೂಕ್ಷ್ಮತೆ, ದಿನಾ ಒಂದು ಚಿತ್ರ, ಇಪ್ಪತ್ತು ಬಣ್ಣ. ಇಲ್ಲಿ ಲೆಕ್ಕ ಶುರುವಾಗುತ್ತದೆ. ಲ್ಯಾಂಡ್‌ಸ್ಯಾಟ್ 8 ನೆಲದಿಂದ 705 ಕಿ.ಮೀ. ಮೇಲಿದ್ದು 185 ಕಿ.ಮೀ. ಅಗಲದ ಪಟ್ಟಿಯನ್ನು ನೋಡುತ್ತಾ ಹೋಗುತ್ತದೆ. ಅದೇ ಜಾಗಕ್ಕೆ 16 ದಿನಕ್ಕೊಮ್ಮೆ ಮರಳುತ್ತದೆ. ಅಳತೆಯನ್ನು 30 ಮೀಟರಿನಿಂದ 1 ಮೀಟರಿಗೆ ಇಳಿಸಿದರೆ ಅದೇ ನೆಲಕ್ಕೆ ದತ್ತಾಂಶ 900 ಪಾಲು. ಅದನ್ನು ಕೆಳಗೆ ಇಳಿಸಲು ಆಂಟೆನಾಕ್ಕೆ ಪುರುಸೊತ್ತು ಇರುವುದಿಲ್ಲ. ಒಂದೊಂದು ಚುಕ್ಕಿಗೆ ಬೀಳುವ ಬೆಳಕೂ ಕಡಿಮೆ, ಚಿತ್ರದಲ್ಲಿ ಮರಳು ಎರಚಿದ ಹಾಗೆ ಗದ್ದಲ. ಅಗಲ ಕಡಿಮೆ ಮಾಡಿದರೆ ಅದೇ ಜಾಗಕ್ಕೆ ಮರಳಿ ಬರಲು ತಿಂಗಳುಗಟ್ಟಲೆ. ಯಾರಿಗಾದರೂ ಇಲ್ಲ ಎನ್ನಲೇಬೇಕು, ಇಲ್ಲ ಎನಿಸಿಕೊಂಡವರು ಮಂತ್ರಿಗೆ ಪತ್ರ ಬರೆದೇ ಬರೆಯುತ್ತಾರೆ.

ಈ ಜಗಳ ಮುಗಿದ ಮೇಲೆ ‘ಅವಶ್ಯಕತೆಗಳ ಪಟ್ಟಿ’ ಹುಟ್ಟುತ್ತದೆ. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಇದಕ್ಕಿಂತ ದೊಡ್ಡ ಕಾಗದ ಇಲ್ಲ. ಇದನ್ನು ಬರೆಯುವ ಕ್ರಮ ಏನೆಂದರೆ, ಬೇಕಾದ ಫಲವನ್ನು ಸಂಖ್ಯೆಯಲ್ಲಿ ಬರೆಯಬೇಕು, ಅದನ್ನು ಸಾಧಿಸುವ ದಾರಿಯನ್ನು ತಯಾರಕರಿಗೆ ಬಿಡಬೇಕು. “ಒಳ್ಳೆಯ ಚಿತ್ರ ಕೊಡಬೇಕು” ಎಂದು ಬರೆದರೆ ಕೋರ್ಟಿನಲ್ಲಿ ಸೋಲುತ್ತೀರಿ. ಲ್ಯಾಂಡ್‌ಸ್ಯಾಟ್ 8ಕ್ಕೆ ಬರೆದದ್ದು ಹೀಗಿತ್ತು: ದಿನಕ್ಕೆ ಕನಿಷ್ಠ 400 ಚಿತ್ರ, ನೆಲದಿಂದ ಬರುವ ಬೆಳಕಿನ ಪ್ರಮಾಣವನ್ನು ಶೇಕಡಾ 5ರ ಒಳಗಿನ ತಪ್ಪಿನಲ್ಲಿ ಅಳೆಯಬೇಕು, ಬೇರೆ ಬೇರೆ ಬಣ್ಣದ ಚಿತ್ರಗಳು ಒಂದರ ಮೇಲೊಂದು 4.5 ಮೀಟರಿನ ಒಳಗೆ ಕೂರಬೇಕು. ಕ್ಯಾಮೆರಾ ಐದು ವರ್ಷ ಬಾಳಬೇಕು, ಇಂಧನ ಹತ್ತು ವರ್ಷಕ್ಕೆ ಇರಬೇಕು. ಕನ್ನಡಿ ಓಲಾಡಬೇಕೋ ಬೇಡವೋ ಎಂದು ಆಜ್ಞೆ ಮಾಡಿದವರಿಲ್ಲ. ತಯಾರಕರು ಬೇಡ ಎಂದರು. ಪ್ರತಿ ಬಣ್ಣಕ್ಕೆ ಸುಮಾರು 7,000 ಸಂವೇದಕಗಳನ್ನು ಅಡ್ಡ ಸಾಲಾಗಿ ಜೋಡಿಸಿ, ಇಡೀ ಅಗಲವನ್ನು ಒಟ್ಟಿಗೇ ನೋಡುವ ಹಾಗೆ ಮಾಡಿದರು. ಲ್ಯಾಂಡ್‌ಸ್ಯಾಟ್ 7ರಲ್ಲಿ ಕೆಟ್ಟ ಭಾಗ ಇದರಲ್ಲಿ ಇಲ್ಲವೇ ಇಲ್ಲ.

ಪಟ್ಟಿಯ ಕರಡನ್ನು ಕಂಪನಿಗಳಿಗೆ ಕಳಿಸಿ “ಇದು ಸಾಧ್ಯವೇ, ಯಾವ ಸಾಲು ನಿಮಗೆ ದುಬಾರಿ?” ಎಂದು ಕೇಳುವ ಒಂದು ಹಂತ ಉಂಟು. ದರ ಕೇಳುವುದಲ್ಲ, ಅಭಿಪ್ರಾಯ ಕೇಳುವುದು. ಇದನ್ನು ಹಾರಿಸಿ ನೇರ ಟೆಂಡರಿಗೆ ಹೋಗುವ ಆತುರಗಾರರನ್ನು ನಾನು ಕಂಡಿದ್ದೇನೆ. ಆಮೇಲೆ ತಿದ್ದುಪಡಿ ಮೇಲೆ ತಿದ್ದುಪಡಿ. ಒಂದೇ ಒಂದು ಸಾಲನ್ನು ಸ್ವಲ್ಪ ಸಡಿಲಿಸಿದರೆ ಬೆಲೆ ಎಷ್ಟು ಇಳಿಯುತ್ತದೆ ಎಂದು ತಿಳಿಯುವುದು ಈ ಹಂತದಲ್ಲಿ ಮಾತ್ರ.

ಅಮೆರಿಕದಲ್ಲಿ ಉಪಗ್ರಹವನ್ನು ಇಡಿಯಾಗಿ ಒಬ್ಬರಿಂದ ಕೊಂಡದ್ದಲ್ಲ. ಕ್ಯಾಮೆರಾ 2007ರಲ್ಲಿ ಬಾಲ್ ಏರೋಸ್ಪೇಸ್‌ಗೆ, ಉಪಗ್ರಹದ ಒಡಲು 2008ರಲ್ಲಿ ಜನರಲ್ ಡೈನಮಿಕ್ಸ್‌ಗೆ, ರಾಕೆಟ್ ಬೇರೆ, ನೆಲದ ಮೇಲಿನ ವ್ಯವಸ್ಥೆ ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯದು. ಹೀಗೆ ತುಂಡುತುಂಡಾಗಿ ಕೊಂಡಾಗ ತುಂಡುಗಳು ಸೇರುವ ಜಾಗವೇ ತಲೆನೋವು. ಯಾವ ಬೋಲ್ಟು, ಎಷ್ಟು ವೋಲ್ಟು, ಎಷ್ಟು ಕಂಪನ ತಡೆಯಬೇಕು ಎಂದು ಬರೆದ ಕಡತ ನನ್ನ ಮೇಜಿನಲ್ಲಿ ಎಲ್ಲಕ್ಕಿಂತ ದಪ್ಪ ಇರುತ್ತಿತ್ತು. ನಮ್ಮಲ್ಲಿ ಕ್ರಮ ಬೇರೆ. ಇಸ್ರೋ ತಾನೇ ಯೋಜಿಸಿ ತಾನೇ ಕಟ್ಟುತ್ತಾ ಬಂತು: ಕ್ಯಾಮೆರಾ ಅಹಮದಾಬಾದಿನಲ್ಲಿ, ಒಡಲು ಬೆಂಗಳೂರಿನಲ್ಲಿ, ಚಿತ್ರ ಇಳಿಸಿಕೊಳ್ಳುವುದು ಹೈದರಾಬಾದ್ ಹತ್ತಿರದ ಶಾದ್‌ನಗರದಲ್ಲಿ. 1988ರ ಮಾರ್ಚ್ 17ರಂದು ನಮ್ಮ ಮೊದಲ ಐಆರ್‌ಎಸ್-1ಎ ಹಾರಿದಾಗ ರಾಕೆಟ್ ಮಾತ್ರ ಸೋವಿಯೆತ್ ದೇಶದ್ದು, ಹಾರಿದ್ದು ಬೈಕನೂರಿನಿಂದ. ಆಗ ಇಸ್ರೋದ ಅಧ್ಯಕ್ಷರು ಯು. ಆರ್. ರಾವ್, ನಮ್ಮ ಪಕ್ಕದ ಉಡುಪಿ ಕಡೆಯ ಅದಮಾರಿನವರು.

ಸಮಿತಿಗಳ ಬಗ್ಗೆ ಒಂದು ಮಾತು ಹೇಳದೆ ಬಿಡಲಾರೆ. ಮೊದಲ ಲ್ಯಾಂಡ್‌ಸ್ಯಾಟ್‌ನಲ್ಲಿ ಎರಡು ಉಪಕರಣಗಳಿದ್ದವು. ಟಿ.ವಿ. ಬಗೆಯ ಕ್ಯಾಮೆರಾವೇ ಮುಖ್ಯ ಎಂದು ದೊಡ್ಡವರೆಲ್ಲ ನಂಬಿದ್ದರು. ವರ್ಜೀನಿಯಾ ನಾರ್ವುಡ್ ಎಂಬ ಎಂಜಿನಿಯರ್ ರೂಪಿಸಿದ ಓಲಾಡುವ ಕನ್ನಡಿಯ ಯಂತ್ರವನ್ನು ಪ್ರಯೋಗಕ್ಕೆಂದು ಪಕ್ಕದಲ್ಲಿ ಇಟ್ಟಿದ್ದರು. ಹಾರಿದ ಕೆಲವೇ ವಾರಗಳಲ್ಲಿ ವಿದ್ಯುತ್ ದೋಷದಿಂದ ಟಿ.ವಿ. ಕ್ಯಾಮೆರಾ ಬಂದ್. ನಾರ್ವುಡ್ ಅವರ ಯಂತ್ರದ ಚಿತ್ರಗಳನ್ನು ನೋಡಿದ ಮೇಲೆ ಅದನ್ನು ಪ್ರಯೋಗ ಎಂದು ಕರೆದವರಿಲ್ಲ.

ಉಪಗ್ರಹವನ್ನೇ ಯಾಕೆ ಕೊಳ್ಳಬೇಕು? ಖಾಸಗಿಯವರು ಕಟ್ಟಿ ಹಾರಿಸಲಿ, ಸರಕಾರ ಚಿತ್ರಗಳನ್ನು ಮಾತ್ರ ಕೊಂಡರೆ ಸಾಲದೆ? ಹಾಲು ಬೇಕಾದವರೆಲ್ಲ ದನ ಸಾಕುವುದಿಲ್ಲವಲ್ಲ.
— ಪದವಿ ವಿದ್ಯಾರ್ಥಿನಿ, ಬದಿಯಡ್ಕ

ಈ ತಿಂಗಳ ಉತ್ತಮ ಪ್ರಶ್ನೆ. ಅಮೆರಿಕದವರು ಇದನ್ನು ಒಂದಲ್ಲ ಎರಡು ಸಲ ಮಾಡಿ ನೋಡಿದ್ದಾರೆ.

1984ರಲ್ಲಿ ಕಾನೂನು ಮಾಡಿ ಲ್ಯಾಂಡ್‌ಸ್ಯಾಟ್ ಚಿತ್ರಗಳ ವ್ಯಾಪಾರವನ್ನು ಖಾಸಗಿ ಕಂಪನಿಗೆ ವಹಿಸಿದರು. ಒಂದು ಚಿತ್ರದ ಬೆಲೆ ನಾಲ್ಕು ಸಾವಿರ ಡಾಲರ್ ದಾಟಿತು. ವಿಶ್ವವಿದ್ಯಾಲಯದವರು ಕೊಳ್ಳುವುದನ್ನು ಬಿಟ್ಟರು. ಅದಕ್ಕಿಂತ ದೊಡ್ಡ ನಷ್ಟ ಬೇರೆ: ಗಿರಾಕಿ ಇಲ್ಲದ ಜಾಗದ ಚಿತ್ರ ತೆಗೆಯುವುದು ಕಂಪನಿಗೆ ದಂಡ. ಆ ಕಾಲದಲ್ಲಿ ಭೂಮಿಯ ಎಷ್ಟೋ ಭಾಗದ ಚಿತ್ರ ತೆಗೆದೇ ಇಲ್ಲ. ದುಡ್ಡು ಕೊಟ್ಟರೂ ಇನ್ನು ಅದು ಸಿಗದು. 1992ರಲ್ಲಿ ಹೊಸ ಕಾನೂನು ಬಂದು ಕೆಲಸ ಸರಕಾರಕ್ಕೆ ಮರಳಿತು.

ಎರಡನೆಯ ಸಲ 2003ರಲ್ಲಿ. ಲ್ಯಾಂಡ್‌ಸ್ಯಾಟ್ 7ರ ನಂತರದ್ದಕ್ಕೆ ನಾಸಾ ಕರೆದದ್ದು ನೀವು ಹೇಳಿದಂಥ ಟೆಂಡರನ್ನೇ: ಉಪಗ್ರಹ ನಿಮ್ಮದು, ಚಿತ್ರ ನಮಗೆ ಮಾರಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಟೆಂಡರ್ ರದ್ದಾಯಿತು. ಖರ್ಚು ಮತ್ತು ಅಪಾಯ ಎರಡೂ ಕಡೆ ನ್ಯಾಯವಾಗಿ ಹಂಚಿಕೆಯಾಗಲಿಲ್ಲ ಎಂಬುದು ಕಾರಣ. ಖರೀದಿ ವಿಭಾಗದವನಾಗಿ ನನಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. 30 ಮೀಟರಿನ ಚಿತ್ರಕ್ಕೆ ಸರಕಾರ ಬಿಟ್ಟರೆ ದೊಡ್ಡ ಗಿರಾಕಿ ಇಲ್ಲ. ಒಬ್ಬನೇ ಗಿರಾಕಿ ಇರುವ ಮಾಲಿಗೆ ಕಂಪನಿ ಸ್ವಂತ ದುಡ್ಡು ಹಾಕುವುದೆಂದರೆ ಆ ಗಿರಾಕಿಯಿಂದಲೇ ಪೂರ್ತಿ ವಸೂಲು ಮಾಡಬೇಕು. ಹಾಗಾದಾಗ ಅದು ಸರಕಾರವೇ ಕೊಂಡ ಉಪಗ್ರಹ, ಮಾಲೀಕತ್ವ ಮಾತ್ರ ಬೇರೆಯವರದ್ದು.

2004ರಲ್ಲಿ ಮೂರನೆಯ ಉಪಾಯ: ಲ್ಯಾಂಡ್‌ಸ್ಯಾಟ್ ಕ್ಯಾಮೆರಾವನ್ನು ದೊಡ್ಡ ಹವಾಮಾನ ಉಪಗ್ರಹಗಳ ಬೆನ್ನಿಗೆ ಕಟ್ಟೋಣ, ಖರ್ಚು ಉಳಿಯುತ್ತದೆ. ಆ ಉಪಗ್ರಹಗಳ ಎತ್ತರವೇ ಬೇರೆ. ಅವುಗಳ ಮೇಲಿದ್ದ ಇತರ ಉಪಕರಣಗಳ ಅಲುಗಾಟ ಬೇರೆ. ಭಾರ, ತೊಡಕು ಎರಡೂ ಹೆಚ್ಚಾದವು. 2005ರ ಡಿಸೆಂಬರಿನಲ್ಲಿ ಅದನ್ನೂ ಕೈಬಿಟ್ಟು, ಲ್ಯಾಂಡ್‌ಸ್ಯಾಟ್‌ಗೆಂದೇ ಒಂದು ಸ್ವಂತ ಉಪಗ್ರಹ ಎಂದು ಮೊದಲಿದ್ದ ಜಾಗಕ್ಕೇ ಬಂದರು. ಪೆರ್ಲದವರಿಗೆ ಹೇಳಿದ ತಡ ಇದು.

2008ರ ಕೊನೆಗೆ ಇನ್ನೊಂದು ತೀರ್ಮಾನ ಆಯಿತು. ಅಲ್ಲಿಯವರೆಗೆ ಲ್ಯಾಂಡ್‌ಸ್ಯಾಟ್ 7ರ ಒಂದು ಚಿತ್ರಕ್ಕೆ ಸುಮಾರು 600 ಡಾಲರ್ ಇತ್ತು. ಇಡೀ ಸಂಗ್ರಹವನ್ನು ಪುಕ್ಕಟೆ ಮಾಡಿದರು. ವರ್ಷಕ್ಕೆ ಸಾವಿರಗಳಲ್ಲಿ ಹೋಗುತ್ತಿದ್ದ ಚಿತ್ರಗಳು ಲಕ್ಷಗಟ್ಟಲೆ ಹೋಗತೊಡಗಿದವು. ಮಾರಿ ಬರುತ್ತಿದ್ದ ದುಡ್ಡು ಉಪಗ್ರಹದ ಬೆಲೆಯ ಎದುರು ಚಿಲ್ಲರೆ. ಇಷ್ಟು ಸರಳ ಲೆಕ್ಕಕ್ಕೆ 36 ವರ್ಷ ಯಾಕೆ ಬೇಕಾಯಿತು ಎಂದು ನನ್ನನ್ನು ಕೇಳಬೇಡಿ.

ನಮ್ಮ ದೇಶವೂ ಈಗ ನಿಮ್ಮ ಪ್ರಶ್ನೆಯ ಎದುರೇ ನಿಂತಿದೆ. 2023ರ ಬಾಹ್ಯಾಕಾಶ ನೀತಿಯ ಪ್ರಕಾರ ಸರಕಾರಿ ಉಪಗ್ರಹಗಳ 5 ಮೀಟರ್ ಮತ್ತು ಅದಕ್ಕಿಂತ ಒರಟು ಅಳತೆಯ ಚಿತ್ರಗಳು ಎಲ್ಲರಿಗೂ ಮುಕ್ತ. ಇನ್ನೊಂದು ಕಡೆ 2025ರಲ್ಲಿ, ಬೆಂಗಳೂರಿನ ಪಿಕ್ಸೆಲ್ ಕಂಪನಿಯ ಮುಂದಾಳತ್ವದ ಗುಂಪಿಗೆ 12 ಉಪಗ್ರಹಗಳ ಖಾಸಗಿ ಜಾಲ ಕಟ್ಟುವ ಕೆಲಸ ಸಿಕ್ಕಿದೆ. ಹೂಡಿಕೆ 1,200 ಕೋಟಿ ರೂಪಾಯಿಗೂ ಮೇಲೆ. ಒಳ್ಳೆಯದೇ. ಸೂಕ್ಷ್ಮ ಚಿತ್ರಕ್ಕೆ ವಿಮೆಯವರು, ಬ್ಯಾಂಕಿನವರು ಗಿರಾಕಿಗಳಾಗಿ ಇರುತ್ತಾರೆ, ಅಲ್ಲಿ ವ್ಯಾಪಾರ ನಡೆಯುತ್ತದೆ. ಆದರೆ ಇಂಥ ಯಾವ ಒಪ್ಪಂದ ಕೈಗೆ ಸಿಕ್ಕಿದರೂ ನಾನು ಮೂರು ಸಾಲು ಹುಡುಕುತ್ತೇನೆ. ತೆಗೆದ ಚಿತ್ರಗಳ ಸಂಗ್ರಹ ಮೂವತ್ತು ವರ್ಷದ ನಂತರ ಯಾರ ಕೈಯಲ್ಲಿ ಇರುತ್ತದೆ? ಕ್ಯಾಮೆರಾದ ಅಳತೆ ಸರಿ ಉಂಟೇ ಎಂದು ಹೊರಗಿನವರು ಪರೀಕ್ಷಿಸಬಹುದೇ? ಗಿರಾಕಿ ಇಲ್ಲದ ಎಣ್ಮಕಜೆಯ ಮೇಲೆ ಹಾರುವಾಗ ಕ್ಯಾಮೆರಾ ತೆರೆದಿರುತ್ತದೆಯೇ? ದನದ ಹೋಲಿಕೆ ಚೆನ್ನಾಗಿದೆ ಮಗಳೇ, ಆದರೆ ನಿನ್ನೆಯ ಹಾಲನ್ನು ಯಾರೂ ಇವತ್ತಿನ ಹಾಲಿನ ಪಕ್ಕ ಇಟ್ಟು ನೋಡುವುದಿಲ್ಲ.

ನನ್ನದು 15 ಸೆಂಟ್ಸ್ ಜಾಗ. ಉಪಗ್ರಹದಲ್ಲಿ ಕಾಣುತ್ತದಾ?
— ಕುಂಬಳೆ

ಸೆಂಟ್ಸ್ (ಎಕರೆಯ ನೂರರಲ್ಲೊಂದು ಪಾಲು) ಲೆಕ್ಕದಲ್ಲೇ ಹೇಳುತ್ತೇನೆ. ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕಿ 30 ಮೀಟರ್ ಚೌಕ, ಅಂದರೆ 22 ಸೆಂಟ್ಸ್. ನಿಮ್ಮ ಮನೆ, ಬಾವಿ, ಪಕ್ಕದವರ ತೆಂಗು ಎಲ್ಲ ಸೇರಿ ಒಂದೇ ಬಣ್ಣ. ನಮ್ಮ ಲಿಸ್-3ರಲ್ಲಿ ಚುಕ್ಕಿಗೆ ಸುಮಾರು ಹದಿಮೂರೂವರೆ ಸೆಂಟ್ಸ್. ಯುರೋಪಿನ ಸೆಂಟಿನೆಲ್-2ರಲ್ಲಿ ಎರಡೂವರೆ. ಆರು ಚುಕ್ಕಿ ನಿಮ್ಮ ಪಾಲಿಗೆ. ನಮ್ಮದೇ ಇನ್ನೂ ಸೂಕ್ಷ್ಮ ಕ್ಯಾಮೆರಾ ಲಿಸ್-4ರಲ್ಲಿ ಒಂದು ಸೆಂಟ್ಸಿಗೂ ಕಡಿಮೆ. ಗಡಿ ತಕರಾರಿಗೆ ಇದ್ಯಾವುದೂ ಪ್ರಯೋಜನ ಇಲ್ಲ, ವಿಲೇಜ್ ಆಫೀಸಿನ ಸರ್ವೆಯವರನ್ನೇ ಕರೆಸಿ.

ಎಲೆಚುಕ್ಕಿ ರೋಗ ನಮ್ಮ ತೋಟಗಳನ್ನು ಹಾಳುಮಾಡುತ್ತಿದೆ. ಉಪಗ್ರಹದಿಂದ ಮೊದಲೇ ಗೊತ್ತುಮಾಡಲು ಆಗುವುದಿಲ್ಲವೇ?
— ಎಣ್ಮಕಜೆ ಪಂಚಾಯತಿನ ಮೂವರು ಕೃಷಿಕರು

ಭಾರತದಲ್ಲಿ ದೂರಸಂವೇದನೆ ಶುರುವಾದದ್ದೇ ಇಂಥ ಪ್ರಶ್ನೆಯಿಂದ. 1970ರ ಹೊತ್ತಿಗೆ ಪಿ. ಆರ್. ಪಿಶರೋಟಿ ಅವರ ತಂಡ ಕೇರಳದ ಕಾಯಂಕುಳದ ಕಡೆ ಹೆಲಿಕಾಪ್ಟರಿನಿಂದ ತೆಂಗಿನ ತೋಟಗಳ ಚಿತ್ರ ತೆಗೆಯಿತು, ಅತಿಗೆಂಪು ಬೆಳಕು ಹಿಡಿಯುವ ಫಿಲ್ಮಿನಲ್ಲಿ. ಆರೋಗ್ಯದ ಸೋಗೆ ಅತಿಗೆಂಪನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಬೇರು ಸೊರಗು ರೋಗ ತಗಲಿದ್ದು ಕಡಿಮೆ ಎಸೆಯುತ್ತದೆ. ಚಿತ್ರದಲ್ಲಿ ರೋಗದ ಮರಗಳು ಬೇರೆ ಬಣ್ಣದಲ್ಲಿ ಕಂಡವು. ನಮ್ಮ ಕೂಡ್ಲಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಇಂಥ ರೋಗಗಳ ಸಂಶೋಧನೆಯಲ್ಲಿ ಹಳೆಯ ಅನುಭವ ಉಂಟು. ಅಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ.

ಆದರೆ ಹೆಲಿಕಾಪ್ಟರ್ ಬೇರೆ, ಉಪಗ್ರಹ ಬೇರೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಕಂಗು ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕಿಯಲ್ಲಿ ಸುಮಾರು 120 ಇರುತ್ತವೆ. ನಡುವೆ ಕೊಕ್ಕೊ, ಬಾಳೆ, ಮರ ಹತ್ತಿದ ಕರಿಮೆಣಸು, ಅಡಿಯಲ್ಲಿ ಹುಲ್ಲು. ಹತ್ತು ಮರದ ಸೋಗೆಯಲ್ಲಿ ರೋಗದ ಕಲೆ ಬಿದ್ದರೆ ಉಪಗ್ರಹಕ್ಕೆ ಸುದ್ದಿ ಮುಟ್ಟುವುದಿಲ್ಲ. ಇಡೀ ತೋಟ ಸುಟ್ಟಂತೆ ಆದ ಮೇಲೆ ಮುಟ್ಟುತ್ತದೆ, ಅಷ್ಟು ಹೊತ್ತಿಗೆ ನಿಮಗೇ ಗೊತ್ತಿರುತ್ತದೆ. ಕೆಂಪು ಮತ್ತು ಅತಿಗೆಂಪಿನ ನಡುವಿನ ಅಂಚಿನಲ್ಲಿ ಎಲೆಯ ಹಸಿರು ಕಡಿಮೆಯಾಗುವುದು ಬೇಗ ಕಾಣುತ್ತದೆ. ಸೆಂಟಿನೆಲ್-2ರಲ್ಲಿ ಆ ಅಂಚಿಗೆಂದೇ ಮೂರು ಪಟ್ಟಿಗಳಿವೆ. ಲ್ಯಾಂಡ್‌ಸ್ಯಾಟ್ 8 ಮತ್ತು 9ರಲ್ಲಿ ಒಂದೂ ಇಲ್ಲ. ಮುಂದಿನ ಲ್ಯಾಂಡ್‌ಸ್ಯಾಟ್‌ಗೆಂದು ಪ್ರಕಟಿಸಿದ ಯೋಜನೆಯಲ್ಲಿ ಮೂರು ಉಪಗ್ರಹ, 26 ಪಟ್ಟಿಗಳಿದ್ದವು. ಖರ್ಚಿನ ಕಾರಣಕ್ಕೆ 2025ರಲ್ಲಿ ಅದನ್ನೂ ಬದಲಿಸುವ ಪ್ರಸ್ತಾವ ಬಂತು.

ನನ್ನ ಸಂಕಟ ಬೇರೆ. ಅವಶ್ಯಕತೆಗಳ ಪಟ್ಟಿ ಬರೆಯುವಾಗ ಗೋಧಿ, ಜೋಳ, ಭತ್ತ, ಕಬ್ಬು ಎಲ್ಲದರ ಪರವಾಗಿ ಯಾರಾದರೂ ಕೂತಿರುತ್ತಾರೆ. ಮಿಶ್ರ ಬೆಳೆಯ ಕಂಗಿನ ತೋಟದ ಪರವಾಗಿ ಯಾರೂ ಕೂತದ್ದನ್ನು ನಾನು ಕಂಡಿಲ್ಲ. ನಿಮ್ಮ ಸಂಘದವರು ಸಿಪಿಸಿಆರ್‌ಐ ಮೂಲಕ ಎರಡು ಪುಟ ಬರೆದು ಕಳಿಸಬಹುದು: ಎಷ್ಟು ಅಳತೆ, ವರ್ಷದ ಯಾವ ತಿಂಗಳು, ಎಷ್ಟು ದಿನದೊಳಗೆ ಸುದ್ದಿ ಬಂದರೆ ಬೋರ್ಡೋ ದ್ರಾವಣ ಹೊಡೆದು ಪ್ರಯೋಜನ. ಕೋಪದ ಪತ್ರ ಬೇಡ, ಸಂಖ್ಯೆ ಇರುವ ಪತ್ರ. ಅಲ್ಲಿಯವರೆಗೆ ಡ್ರೋನ್ ಹಾರಿಸುವವರು ಸಿಕ್ಕಿದರೆ ಅದು ಹೆಚ್ಚು ಉಪಯೋಗ.

ಶಾಖದ ಪಟ್ಟಿ ಎಂದು ಬರೆದಿದ್ದಿರಿ. ಅದರಿಂದ ನಮಗೇನು?
— ಮುಳ್ಳೇರಿಯ

ನೀರಿನ ಲೆಕ್ಕ. ನೀರು ಕುಡಿದು ಆವಿ ಬಿಡುತ್ತಿರುವ ತೋಟ ತಂಪಾಗಿರುತ್ತದೆ, ನೀರಿಲ್ಲದ್ದು ಬಿಸಿ. ಮೇಲಿಂದ ಬಿಸಿ ಅಳೆದರೆ ಯಾವ ಬಯಲು ಎಷ್ಟು ನೀರು ಎಳೆಯುತ್ತಿದೆ ಎಂದು ಅಂದಾಜಿಸಬಹುದು. ಲ್ಯಾಂಡ್‌ಸ್ಯಾಟ್ 8ರ ಮೊದಲ ಅವಶ್ಯಕತೆಗಳ ಪಟ್ಟಿಯಲ್ಲಿ ಇದು ಇರಲಿಲ್ಲ, ಖರ್ಚು ಉಳಿಸಲು ಬಿಟ್ಟಿದ್ದರು. ಅಮೆರಿಕದ ಪಶ್ಚಿಮದ ಒಣ ರಾಜ್ಯಗಳ ನೀರಾವರಿ ಅಧಿಕಾರಿಗಳು ಗಲಾಟೆ ಎಬ್ಬಿಸಿದರು. ನೀರಿನ ಹಕ್ಕಿನ ಲೆಕ್ಕಕ್ಕೆ ಅವರು ಆ ಶಾಖದ ಪಟ್ಟಿಯನ್ನೇ ನೆಚ್ಚಿಕೊಂಡಿದ್ದರು. ಕೊನೆಗೆ 2009ರಲ್ಲಿ ಸೇರಿಸಿದರು, ಕ್ಯಾಮೆರಾದ ಗುತ್ತಿಗೆ ಕೊಟ್ಟು ಎರಡು ವರ್ಷ ಆದ ಮೇಲೆ. ಹೊರಗೆ ಕೊಟ್ಟರೆ ತಡವೆಂದು ನಾಸಾ ತನ್ನ ಗೊಡ್ಡಾರ್ಡ್ ಕೇಂದ್ರದಲ್ಲೇ ಕಟ್ಟಿತು. ಆಯುಷ್ಯ ಐದರ ಬದಲು ಮೂರೇ ವರ್ಷ ಸಾಕೆಂದು ಒಪ್ಪಿಕೊಂಡರು. ಆತುರಕ್ಕೆ ಬೆಲೆಯೂ ತೆತ್ತರು: ಪಕ್ಕದ ಜಾಗದ ಬೆಳಕು ಒಳಗೆ ನುಸುಳಿ ಅಳತೆ ತಪ್ಪುತ್ತಿತ್ತು. 2021ರ ಲ್ಯಾಂಡ್‌ಸ್ಯಾಟ್ 9ರಲ್ಲಿ ಅದಕ್ಕೆ ತಡೆ ಹಾಕಿದರು. ಕೇಳುವವರು ಮೊದಲೇ ಕೇಳಬೇಕು ಎಂದು ಎಣ್ಮಕಜೆಯವರಿಗೆ ಹೇಳಿದ್ದು ಇದನ್ನೆಲ್ಲ ನೋಡಿ.

ನಮ್ಮ ಸುರಂಗದ (ಗುಡ್ಡೆಗೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಇದರಲ್ಲಿ ಕಾಣುತ್ತದೆಯೇ ಎಂದೂ ಕೇಳಿದ್ದೀರಿ. ಇಲ್ಲ. ಶಾಖದ ಚುಕ್ಕಿ 100 ಮೀಟರ್ ಚೌಕ, ಸುಮಾರು ಎರಡೂವರೆ ಎಕರೆ. ನೆಲದೊಳಗಿನದ್ದು ಅದಕ್ಕೆ ಕಾಣುವುದಿಲ್ಲ.

ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಆಕಾಶವೇ ಕಾಣುವುದಿಲ್ಲ. ಕಡಲ್ಕೊರೆತ ಆಗುವುದೂ ಆಗಲೇ. ಆ ನಾಲ್ಕು ತಿಂಗಳು ಈ ಉಪಗ್ರಹಗಳು ಏನು ಮಾಡುತ್ತವೆ?
— ಉಪ್ಪಳ

ಮೋಡದ ಚಿತ್ರ ತೆಗೆಯುತ್ತವೆ! ಬೆಳಕಿನ ಕ್ಯಾಮೆರಾಗಳಿಗೆ ನಮ್ಮ ಮಳೆಗಾಲ ರಜೆ. ಮೋಡ ದಾಟುವುದು ತಾನೇ ರೇಡಿಯೋ ಅಲೆ ಎಸೆದು ಮರಳಿದ್ದನ್ನು ಹಿಡಿಯುವ ರಾಡಾರ್ ಮಾತ್ರ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹೋದ ನೈಸಾರ್ ನಾಸಾ ಮತ್ತು ಇಸ್ರೋ ಪಾಲಲ್ಲಿ ಕಟ್ಟಿದ್ದು. ಎಲ್-ಬ್ಯಾಂಡ್ (ಉದ್ದ ಅಲೆಯ) ರಾಡಾರ್ ಅವರದ್ದು, ಎಸ್-ಬ್ಯಾಂಡ್ (ಗಿಡ್ಡ ಅಲೆಯ) ನಮ್ಮದು. 12 ಮೀಟರ್ ಅಡ್ಡಳತೆಯ ಆಂಟೆನಾ. 12 ದಿನಕ್ಕೊಮ್ಮೆ ಅದೇ ಜಾಗ. ಎಲ್-ಬ್ಯಾಂಡಿನ ಸುಮಾರು 24 ಸೆಂ.ಮೀ. ಉದ್ದದ ಅಲೆಗೆ ಮೋಡ ಲೆಕ್ಕಕ್ಕೇ ಇಲ್ಲ, ರಾತ್ರಿಯೂ ನಡೆಯುತ್ತದೆ. ಕಡಲು ಎಷ್ಟು ತಿಂದಿತು ಎಂದು ಇದರಲ್ಲಿ ಹುಡುಕಬಹುದು. ಕಲ್ಲು ಹಾಕುವ ಗುತ್ತಿಗೆ ಮಾತ್ರ ನೆಲದ ಮೇಲಿನವರೇ ಕೊಡಬೇಕು.

ನಮ್ಮ ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆ ಯಾವಾಗ ಶುರುವಾಯಿತು ಎಂಬುದಕ್ಕೆ ಹಳೆಯ ಉಪಗ್ರಹ ಚಿತ್ರ ಬೇಕು. ಎಲ್ಲಿ ಸಿಗುತ್ತದೆ?
— ಪೈವಳಿಕೆ

ಲ್ಯಾಂಡ್‌ಸ್ಯಾಟ್ ಸಂಗ್ರಹ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ತಾಣದಲ್ಲಿ ಪುಕ್ಕಟೆ. ನಮ್ಮ ರಿಸೋರ್ಸ್‌ಸ್ಯಾಟ್ ಚಿತ್ರಗಳು ಎನ್‌ಆರ್‌ಎಸ್‌ಸಿಯ (ಇಸ್ರೋದ ದೂರಸಂವೇದನಾ ಕೇಂದ್ರ) ಭೂನಿಧಿ ತಾಣದಲ್ಲಿ. ಹೆಸರು ನೋಂದಾಯಿಸಿದರೆ ಸಾಕು. 1980ರ ದಶಕದ ಚಿತ್ರಗಳು ನಮ್ಮ ಕಡೆಗೆ ಧಾರಾಳ ಇಲ್ಲ, ಕಾರಣ ಬದಿಯಡ್ಕದವರ ಉತ್ತರದಲ್ಲಿ ಉಂಟು. 2003ರಿಂದ ಈಚಿನ ಲ್ಯಾಂಡ್‌ಸ್ಯಾಟ್ 7ರದ್ದಾದರೆ ಪಟ್ಟೆ ನಿಮ್ಮ ಗುಡ್ಡೆಯ ಮೇಲೆಯೇ ಬಿದ್ದಿದೆಯೇ ನೋಡಿಕೊಳ್ಳಿ. ಬಿದ್ದಿದ್ದರೆ ಅದೇ ಕಾಲದ ಲ್ಯಾಂಡ್‌ಸ್ಯಾಟ್ 5 ಹುಡುಕಿ. ಒಂದೇ ತಿಂಗಳಿನ ಚಿತ್ರಗಳನ್ನೇ ಹೋಲಿಸಿ. ನವೆಂಬರ್ ಕೊನೆ ಅಥವಾ ಡಿಸೆಂಬರಿನದು ಒಳ್ಳೆಯದು: ಮೋಡ ಕಡಿಮೆ, ಮುಳಿಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಮಾರ್ಚ್ ತಿಂಗಳಿನದನ್ನು ತೆಗೆದುಕೊಂಡರೆ ಒಣಗಿದ ಪಾರೆಯೂ ಕೋರೆಯೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಎದುರಿನ ವಕೀಲರು ಹಿಡಿಯುವುದು ಅದನ್ನೇ.